ಪೆನ್‌ಡ್ರೈವ್ ಹಿಡಿದು ಅಂಗಡಿಗೆ

ಊರಲ್ಲಿ ಕಾಲೇಜಿಗೆ ಸೇರುವ ಮಕ್ಕಳಿಗೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಆರಿಸಿಕೊಡುವುದೆಂದರೆ ನನಗೆ ಹಬ್ಬ. ನಂದಿಕೂರಿನಿಂದ ಪಡುಬಿದ್ರಿಗೆ ಬಂದು ಉಡುಪಿ ಬಸ್ಸು ಹತ್ತುತ್ತೇವೆ. ಕಿಸೆಯಲ್ಲೊಂದು ಪೆನ್‌ಡ್ರೈವ್, ಅದರಲ್ಲಿ ಡೆಬಿಯನ್ ಲಿನಕ್ಸ್.

ಹುಡುಕುವುದು ಕಚೇರಿಗಳಲ್ಲಿ ದುಡಿದು ಬಂದ ಗಟ್ಟಿ ಮಾದರಿಗಳನ್ನು. 2017ರ ಥಿಂಕ್‌ಪ್ಯಾಡ್ ಟಿ470 ನನ್ನ ಅಚ್ಚುಮೆಚ್ಚು. ಅದರ ಇಂಟೆಲ್ ಪ್ರೊಸೆಸರು ಆರನೆಯ ಇಲ್ಲವೇ ಏಳನೆಯ ತಲೆಮಾರಿನದು. ಅಧಿಕೃತವಾಗಿ ವಿಂಡೋಸ್ 11 ಅದಕ್ಕಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸಿಗೆ ಮಾತ್ರ ಅದಿನ್ನೂ ದುಡಿಯುವ ಪ್ರಾಯದ ಯಂತ್ರ.

ಕಿವಿರು ಎತ್ತಿ ನೋಡದೆ ನಮ್ಮ ಕಡೆ ಯಾರೂ ಬಂಗುಡೆ ಕೊಳ್ಳುವುದಿಲ್ಲ. ಲ್ಯಾಪ್‌ಟಾಪಿಗೂ ಅದೇ ನ್ಯಾಯ. ಅಂಗಡಿಯವರನ್ನು ಕೇಳಿ ಪೆನ್‌ಡ್ರೈವಿನಿಂದಲೇ ಬೂಟ್ ಮಾಡುತ್ತೇನೆ. ಒಳಗಿನ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ಪರದೆಯ ಮೇಲೆ ಅರಳುತ್ತದೆ. ಮೊದಲ ಪರೀಕ್ಷೆ ವೈಫೈ. ಇಂಟೆಲ್ ಕಾರ್ಡಿದ್ದರೆ ನಿಶ್ಚಿಂತೆ, ಅದರ ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಕಾರ್ಡಿಗೆ ಬೇಕಾದ ಫರ್ಮ್‌ವೇರನ್ನೂ 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಕೊಡುತ್ತಿದ್ದಾರೆ. ಆಮೇಲೆ ಮುಚ್ಚಳ ಮುಚ್ಚಿ ತೆರೆಯುತ್ತೇನೆ: ನಿದ್ದೆಗೆ ಹೋದದ್ದು ಸಲೀಸಾಗಿ ಏಳಬೇಕು. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳನ್ನು ಯುಪವರ್ ಎಂಬ ಆಜ್ಞೆ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಟಿ470ರಲ್ಲಿ ಎರಡು ಬ್ಯಾಟರಿ. ಒಳಗಿನದರಲ್ಲಿ ಚಾರ್ಜ್ ಇದ್ದರೆ, ಯಂತ್ರ ಓಡುತ್ತಿರುವಾಗಲೇ ಹಿಂದಿನದನ್ನು ಕಳಚಿ ಹಾಕಬಹುದು. ರ್‍ಯಾಮ್‌ಗೂ ಎರಡು ಸ್ಲಾಟ್.

ಕೊನೆಯದು ಕನ್ನಡದ ಪರೀಕ್ಷೆ. ಟೈಪಿಂಗಿಗೆ ಭಾಷೆ ಬದಲಿಸುವ ಐಬಸ್ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ಆರಿಸಿದರೆ ಅದು ನಮ್ಮ ಮಣಿಪಾಲದ ಕೆ. ಪಿ. ರಾವ್ ರೂಪಿಸಿದ ವಿನ್ಯಾಸದ್ದೇ ಜಾಡು. ಎಫ್ ಕೀಲಿ ಒತ್ತಿ ಒತ್ತಕ್ಷರ ಕೂಡಿಸುತ್ತ 'ಸ್ತ್ರೀ' ಎಂದು ಬರೆದು, ಗುಬ್ಬಿ, ನವಿಲು ಫಾಂಟುಗಳಲ್ಲಿ ನೋಡುವುದೇ ಒಂದು ಸುಖ. ಆ ಎರಡೂ ಫಾಂಟುಗಳು ಮುಕ್ತ ತಂತ್ರಾಂಶದವೇ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು.

ಬೆಲೆ ಕಡಿಮೆ ಎಂಬುದು ಈ ಹುಡುಕಾಟದ ಒಂದು ಲಾಭ ಅಷ್ಟೇ. ತನ್ನ ಯಂತ್ರದೊಳಗೆ ಏನಿದೆ, ಯಾವುದು ಯಾವುದನ್ನು ನಡೆಸುತ್ತದೆ ಎಂದು ಅರಿತ ಹುಡುಗಿ ಅದಕ್ಕೆ ನಿಜವಾದ ಒಡತಿಯಾಗುತ್ತಾಳೆ. ಅದಕ್ಕೇ ಮನೆಗೆ ಬಂದ ಮೇಲೆ ರ್‍ಯಾಮ್ ಹೆಚ್ಚಿಸುವ ಕೆಲಸವನ್ನು ನಾನು ಮಾಡುವುದಿಲ್ಲ. ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಡುತ್ತೇನೆ.