ಮೂಲೆಮನೆಯ ಕುದುರೆ

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವವರು ಹೊಳಲ್ಕೆರೆ ಮೇಲೆ ಹೋಗುತ್ತಾರೆ. ನಮ್ಮ ವ್ಯಾನು ಮಾತ್ರ ಅತ್ತ ತಿರುಗದೆ ಹಿರಿಯೂರು ರಸ್ತೆಗೆ ಹೊರಳಿತು. ಚೆಸ್ ಹೇಳಿಕೊಡುವ ಮೇಷ್ಟ್ರು ಮುಂದಿನ ಸೀಟಿನಲ್ಲಿ, ಹಿಂದೆ ಒಬ್ಬರ ಮೇಲೊಬ್ಬರು ಮಕ್ಕಳು, ನಡುವೆ ನಾನು. ಬಳಸುದಾರಿ ಹಿಡಿದದ್ದಕ್ಕೆ ಕಾರಣ ಎರಡು. ವಾಣಿವಿಲಾಸಪುರದಲ್ಲಿ ಒಬ್ಬ ಹುಡುಗಿಯನ್ನು ಹತ್ತಿಸಿಕೊಳ್ಳಬೇಕಿತ್ತು. ಜೊತೆಗೆ, ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದಿತ್ತು. ಅದನ್ನು ನೋಡದೆ ಯಾವ ಟೂರ್ನಮೆಂಟಿಗೂ ಬರುವುದಿಲ್ಲ ಎಂದು ಮಕ್ಕಳು ಹಟ ಹಿಡಿದಿದ್ದರಂತೆ. ಅದು 2025ರ ಜನವರಿ. ಚಳಿಗೆ ವ್ಯಾನಿನ ಗಾಜೆಲ್ಲ ಮಬ್ಬು. ಒಬ್ಬ ಹುಡುಗ ಆ ಮಬ್ಬಿನ ಮೇಲೆ ಬೆರಳಲ್ಲಿ ಗೆರೆ ಎಳೆದು ಎಂಟು ಮನೆ ಎಂಟು ಸಾಲು ಮಾಡಿ ಕೂತಿದ್ದ.

ಹಿನ್ನೀರು ಕಾಣುವ ಗುಡ್ಡದ ಬಳಿ ವ್ಯಾನು ನಿಂತಿತು. ಅಲ್ಲಿ ಮೇಲೆ ನಿಂತು ನೋಡಿದರೆ ಜಲಾಶಯ ಭಾರತದ ನಕ್ಷೆಯ ಹಾಗೆ ಕಾಣುತ್ತದೆಂದು ಕೇಳಿದ್ದೆ. ಇಂಥ ಮಾತಿನಲ್ಲಿ ಅರ್ಧ ನಮ್ಮ ಕಲ್ಪನೆಯೇ ಇರುತ್ತದೆಂದೂ ಅಂದುಕೊಂಡಿದ್ದೆ. ಹತ್ತಿ ನೋಡಿದರೆ, ಅಬ್ಬಾ, ನಿಜವಾಗಿಯೂ ನಕ್ಷೆ! ಗುಡ್ಡಗಳ ನಡುವೆ ಅಗಲವಾಗಿ ಹರಡಿ ಕೆಳಗೆ ಚೂಪಾಗುವ ನೀರು. ನಾನು ಬಾಯಿ ತೆರೆದು ನಿಂತಿರುವಾಗಲೇ ಮಕ್ಕಳು ಆ ನೀರಿನ ಮೇಲೆ ಊರುಗಳನ್ನು ಗುರುತಿಸತೊಡಗಿದರು. ಅವರಿಗೆ ದೆಹಲಿ, ಮುಂಬೈ ಬೇಕಿರಲಿಲ್ಲ.

“ಅಲ್ಲಿ ನೋಡು, ಗುಕೇಶ್ ಊರು.”

“ಪ್ರಗ್ಗಾನೂ ಅಲ್ಲೇ ಕಣೋ, ಚೆನ್ನೈ.”

“ವಿದಿತ್ ನಾಸಿಕ್. ಅರ್ಜುನ್ ವಾರಂಗಲ್. ಹರಿಕೃಷ್ಣ ಗುಂಟೂರು.”

“ದಿವ್ಯಾ ನಾಗಪುರ, ಮಧ್ಯದಾಗೈತೆ ನೋಡು.”

2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಮುಕ್ತ ವಿಭಾಗ, ಮಹಿಳಾ ವಿಭಾಗ ಎರಡರಲ್ಲೂ ಚಿನ್ನ ಗೆದ್ದಿತ್ತು. ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆಗಿ ಆಗಿನ್ನೂ ತಿಂಗಳು ಕಳೆದಿತ್ತಷ್ಟೆ. ತಂಡವೆಂದರೆ ಈ ಮಕ್ಕಳಿಗೆ ಹೆಸರುಗಳ ಪಟ್ಟಿಯಲ್ಲ, ಊರುಗಳ ಪಟ್ಟಿ. ಎಲ್ಲ ಗುರುತಿಸಿ ಮುಗಿದ ಮೇಲೆ ಚಿಕ್ಕವನೊಬ್ಬ ಕೇಳಿದ: “ನಾವೆಲ್ಲಿ?” ದೊಡ್ಡವನು ಸುತ್ತ ನೋಡಿ, “ನಾವು ನಕ್ಷೆಯಿಂದ ಆಚೆ ನಿಂತಿದೀವಿ” ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಉತ್ತರ ಚಿತ್ರದುರ್ಗದವರೆಗೂ ಜೊತೆಗೇ ಬಂತು.

ಅಣೆಕಟ್ಟೆಯ ಕೆಳಗೆ ಬಂದಾಗ ಬಿಸಿಲು ಎದ್ದಿತ್ತು. ಎರಡು ಗುಡ್ಡಗಳ ನಡುವಿನ ಸಂದಿಗೆ ಕಲ್ಲಿನ ಗೋಡೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದ್ದಾರೆ. ಸಿಮೆಂಟಿಲ್ಲ, ಸುಣ್ಣ, ಇಟ್ಟಿಗೆ ಪುಡಿಯ ಗಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟುವ ಮೊದಲೇ ಮೈಸೂರು ಸಂಸ್ಥಾನ ಕೈಹಾಕಿದ ದೊಡ್ಡ ಸಾಹಸ ಇದು, ಸುಮಾರು 30 ಟಿಎಂಸಿ ನೀರು ಹಿಡಿಯುವಂಥದ್ದು. ಕೋಡಿಗೆ ಗೇಟುಗಳಿಲ್ಲ. ನೀರು 130 ಅಡಿ ಮುಟ್ಟಿದರೆ ತಾನಾಗಿ ಆಚೆ ಹೊರಳುತ್ತದೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದರೆ 130 ಮುಟ್ಟುವುದೇ ಕಷ್ಟ. ಈ ಸೀಮೆಯಲ್ಲಿ ಮಳೆ ಕಡಿಮೆ. ನೀರು ಹುಟ್ಟುವುದು ದೂರದ ಬಾಬಾಬುಡನ್‌ಗಿರಿ ಕಡೆ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಎಷ್ಟೋ ಜನ ಇದೇ ಊರುಗಳಲ್ಲಿ ಹುಟ್ಟಿ, ತೆಂಗು ನೆಟ್ಟು, ಬರಕ್ಕೆ ಅದೇ ತೆಂಗು ಒಣಗುವುದನ್ನು ಕಂಡು, ಕೋಡಿ ಕಾಣದೆಯೇ ಹೋದರು. ಆ ಜನವರಿಯಲ್ಲಿ ಬಿದ್ದದ್ದು ಮೂರನೇ ಸಲ. ನಮ್ಮ ವ್ಯಾನಿನ ಏಳನೇ ತರಗತಿ ಹುಡುಗ ಆಗಲೇ ಎರಡು ಕೋಡಿ ಕಂಡವನು. ಅವನ ಪಾಲಿಗೆ ಇದು ಎರಡು ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ.

ಕಣಿವೆ ಮಾರಮ್ಮನ ಗುಡಿಯ ಹತ್ತಿರ ಆ ಹುಡುಗಿ ತಾಯಿಯ ಜೊತೆ ಕಾಯುತ್ತಿದ್ದಳು. ಎರಡು ಜಡೆ, ಶಾಲೆಯ ಸ್ವೆಟರು. ಕಾದು ಬೇಜಾರಾಗಿ ಮಣ್ಣಿನಲ್ಲಿ ಅರವತ್ನಾಲ್ಕು ಮನೆ ಗೀಚಿ, ಜೇಬಿನಿಂದ ಹುಣಸೆಬೀಜ ತೆಗೆದು ಒಂದೊಂದಾಗಿ ಇಡುತ್ತಿದ್ದಳು. ಚೌಕಾಬಾರವೇನೋ ಎಂದುಕೊಂಡೆ. ಅಲ್ಲ. ಕುದುರೆಯನ್ನು ಒಂದು ಮೂಲೆಯಿಂದ ಹೊರಡಿಸಿ, ಯಾವ ಮನೆಯನ್ನೂ ಎರಡು ಸಲ ತುಳಿಯದೆ, ಎಲ್ಲ ಮನೆ ಸುತ್ತಿಸುವ ಸಮಸ್ಯೆ. ಮೇಷ್ಟ್ರು ಹಿಂದಿನ ವಾರ ಕೊಟ್ಟಿದ್ದರಂತೆ.

“ಹೆಂಗಮ್ಮಾ ಮಾಡ್ತೀಯ?” ಎಂದೆ.

“ಮುಂದಕ್ಕೆ ದಾರಿ ಕಮ್ಮಿ ಇರೋ ಮನೆಗೆ ಫಸ್ಟ್ ಹೋಗ್ಬೇಕು ಸಾರ್. ದಾರಿ ಜಾಸ್ತಿ ಇರೋವು ಆಮೇಲಾದ್ರೂ ಸಿಗ್ತಾವೆ.”

ಇದು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತ ಪ್ರಕಟಿಸಿದ ಸೂತ್ರ ಎಂದು ಮೇಷ್ಟ್ರು ಹೇಳಿದರು. ಅದೇ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದೇ ಕುದುರೆಯ ಹಿಂದೆ ಬಿದ್ದಿದ್ದರು. ರಾಜ್ಯಭಾರವನ್ನು ಬ್ರಿಟಿಷರು ಕಿತ್ತುಕೊಂಡ ಮೇಲೂ ಅರವತ್ನಾಲ್ಕು ಮನೆಗಳ ರಾಜ್ಯ ಅವರ ಕೈಯಲ್ಲೇ ಉಳಿಯಿತು. ಕುದುರೆ ಇಟ್ಟ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟರೆ, ಅಡ್ಡಕ್ಕೆ ಕೂಡಿದರೂ ಉದ್ದಕ್ಕೆ ಕೂಡಿದರೂ ಪ್ರತಿ ಸಾಲು 260 ಬರುವಂಥ ನಡೆಯನ್ನೂ ಅವರು ಹೆಣೆದಿದ್ದರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು. ಚಾಮರಾಜೇಂದ್ರರ ರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಅಂದರೆ ಈ ಸಾಗರಕ್ಕೆ ಹೆಸರು ಕೊಟ್ಟವರು ಕುದುರೆಯ ಹುಚ್ಚು ಹತ್ತಿದ್ದ ಆ ಮಹಾರಾಜರ ಸೊಸೆ! ಸೊಸೆಯ ಕಟ್ಟೆಯ ಬುಡದಲ್ಲಿ ಮಾವನ ಸಮಸ್ಯೆಯನ್ನು ಹುಣಸೆಬೀಜದಲ್ಲಿ ಬಿಡಿಸುತ್ತಿದ್ದ ಹುಡುಗಿಗೆ ಇದನ್ನೆಲ್ಲ ಹೇಳಿದೆ. “ಹೌದಾ ಸಾರ್” ಎಂದು ಮುಂದಿನ ಬೀಜ ಇಟ್ಟಳು. ಹತ್ತು ಹನ್ನೆರಡು ಮನೆ ಉಳಿದಿರುವಾಗ ಡ್ರೈವರ್ ಹಾರನ್ ಹೊಡೆದ. ಬೀಜಗಳನ್ನು ಬಾಚಿ ಜೇಬಿಗೆ ತುಂಬಿಕೊಂಡು ಓಡಿದಳು.

ಹಿರಿಯೂರು ದಾಟಿ ಹೆದ್ದಾರಿ ಸೇರಿದ ಮೇಲೆ ಹಿಂದಿನ ಸೀಟಿನಲ್ಲಿ ಆಟ ಶುರುವಾಯಿತು. ಬೋರ್ಡಿಲ್ಲ, ಕಾಯಿಗಳಿಲ್ಲ.

“ಇ ನಾಲ್ಕು.”

“ಸಿ ಐದು.”

“ಕುದುರೆ ಎಫ್ ಮೂರು.”

“ಡಿ ಆರು.”

ಸಿಸಿಲಿಯನ್ ಅಂತೆ. ದಾವಣಗೆರೆ ದಾಟಿ ಹೋಗದ ಮಕ್ಕಳ ಬಾಯಲ್ಲಿ ಸಿಸಿಲಿಯನ್, ಇಟಾಲಿಯನ್, ಲಂಡನ್, ಕಾರೊ-ಕಾನ್! ಹೊರಗೆ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಲಾರಿಗಳು ಸದ್ದು ಮಾಡಿ ಹಿಂದಿಕ್ಕುತ್ತಿವೆ, ಒಳಗೆ ಇಬ್ಬರು ಹುಡುಗರು ಕಣ್ಣು ಮುಚ್ಚಿ ಆನೆ, ಒಂಟೆ ನಡೆಸುತ್ತಿದ್ದಾರೆ. ಹದಿನೈದು ನಡೆಯ ಹೊತ್ತಿಗೆ ನನಗೆ ಯಾವ ಕಾಯಿ ಎಲ್ಲಿದೆಯೆಂದು ತಿಳಿಯುವುದೇ ನಿಂತುಹೋಯಿತು. ಒಬ್ಬ ತಪ್ಪು ಹೇಳಿದರೆ ಮೂರನೆಯವನು, ಆಡದೆ ಸುಮ್ಮನೆ ಕೇಳುತ್ತಿದ್ದವನು, “ಅಲ್ಲಿ ನಿನ್ ಕಾಲಾಳೇ ಐತಲ್ಲೋ” ಎಂದು ತಿದ್ದುತ್ತಿದ್ದ.

ನನ್ನ ಮುಖ ನೋಡಿ ಮೇಷ್ಟ್ರು ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅವರ ಮಾತೆತ್ತಿದರು. ದೃಷ್ಟಿದೋಷವಿರುವ ಆಟಗಾರ. ರಾಷ್ಟ್ರೀಯ ಅಂಧರ ಚೆಸ್ ಚಾಂಪಿಯನ್ ಪಟ್ಟವನ್ನು ಮತ್ತೆಮತ್ತೆ ಗೆದ್ದವರು. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದವರು. ಅಂಥವರ ಬೋರ್ಡಿನಲ್ಲಿ ಪ್ರತಿ ಮನೆಗೂ ತೂತು, ಕಾಯಿಗಳ ಬುಡದಲ್ಲಿ ಮೊಳೆ. ಕಪ್ಪು ಮನೆಗಳು ತುಸು ಎತ್ತರ. ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಬೆರಳಿಗೆ ತಾಕುವ ಗುರುತು. ಇಬ್ಬರಿಗೂ ಬೇರೆಬೇರೆ ಬೋರ್ಡು. ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಕಣ್ಣಿದ್ದವರೂ ಚೆಸ್ ನೋಡುವುದು ಕಣ್ಣಿನಿಂದಲ್ಲ ಎಂಬುದು ನನಗೆ ಹೊಳೆದದ್ದು ಆ ಹೆದ್ದಾರಿಯಲ್ಲಿ, ಆ ಮಕ್ಕಳ ನಡುವೆ.

ಚಿತ್ರದುರ್ಗದ ಸಭಾಂಗಣ. ಹೊರಗೆ ಉಪ್ಪಿಟ್ಟು, ಟೀ, ಗದ್ದಲ. ಗೋಡೆಗೆ ಅಂಟಿಸಿದ ಪೇರಿಂಗ್ ಪಟ್ಟಿಗೆ ಮುಗಿಬಿದ್ದ ಅಪ್ಪಂದಿರು. ಮಕ್ಕಳು ಒಳಹೋದರು, ಬಾಗಿಲು ಮುಚ್ಚಿತು, ಆಮೇಲೆ ನೂರಾರು ಮಕ್ಕಳಿರುವ ಕೋಣೆಯಿಂದ ಗಡಿಯಾರ ಒತ್ತುವ ಟಕ್ ಟಕ್ ಬಿಟ್ಟು ಏನೂ ಕೇಳಲಿಲ್ಲ. ಮನೆಯಲ್ಲಿ ಐದು ನಿಮಿಷ ಕೂರದ ಮಕ್ಕಳು ಇವೇನಾ ಎಂದು ಒಬ್ಬ ತಾಯಿ ಕಿಟಕಿಯಿಂದ ಇಣುಕಿದರು. ಪಾಲಕರು ಒಳಗೆ ಬರುವಂತಿಲ್ಲ, ಮೊಬೈಲು ನಿಷಿದ್ಧ, ಮುಟ್ಟಿದ ಕಾಯನ್ನು ಆಡಲೇಬೇಕು. ಇಲ್ಲಿ ನಡೆಯುವುದು ಸ್ವಿಸ್ ಪದ್ಧತಿ. ಸೋತವರು ಮನೆಗೆ ಹೋಗುವುದಿಲ್ಲ. ಒಂದೇ ಅಂಕದವರನ್ನು ಒಬ್ಬರಿಗೊಬ್ಬರು ಜೋಡಿಸುತ್ತ ಹೋಗುತ್ತಾರೆ. ಆರು ಸುತ್ತು ಸೋತ ಮಗುವಿಗೂ ಏಳನೇ ಸುತ್ತಿನಲ್ಲಿ ತನ್ನಷ್ಟೇ ಸೋತ ಇನ್ನೊಂದು ಮಗು ಎದುರು ಕೂರುತ್ತದೆ, ಇಬ್ಬರೂ ಗೆಲ್ಲಲೇಬೇಕೆಂದು ಕೂರುತ್ತಾರೆ. ನಾನು ಕಂಡ ಆಟಗಳಲ್ಲೆಲ್ಲ ಇಷ್ಟು ಕರುಣೆಯ ಲೆಕ್ಕಾಚಾರ ಬೇರೆ ಇಲ್ಲ.

ಬೇವಿನ ಮರದ ಕೆಳಗೆ ಕೂತು ಮೇಷ್ಟ್ರನ್ನು ಕೇಳಿದೆ: ಇಲ್ಲಿಂದ ಭಾರತ ತಂಡಕ್ಕೆ ದಾರಿ ಯಾವುದು?

ಎರಡು ದಾರಿ ಎಂದರು. ಒಂದು ಶಾಲಾ ಇಲಾಖೆಯ ಕ್ರೀಡಾಕೂಟ. ಹೋಬಳಿ, ತಾಲ್ಲೂಕು, ಜಿಲ್ಲೆ, ಬೆಂಗಳೂರು ವಿಭಾಗ, ರಾಜ್ಯ, ಅದಾದ ಮೇಲೆ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕೂಟ. ಖರ್ಚು ಕಡಿಮೆ, ಪ್ರಮಾಣಪತ್ರಕ್ಕೆ ಬೆಲೆ ಇದೆ. ಆದರೆ ವಿಶ್ವ ಯುವ ಚಾಂಪಿಯನ್‌ಷಿಪ್ಪಿಗೆ ಹೋಗುವ ತಂಡದ ಬಾಗಿಲು ಇನ್ನೊಂದು ದಾರಿಯಲ್ಲಿದೆ. ಅದು ರಾಜ್ಯ ಚೆಸ್ ಸಂಸ್ಥೆಯದು, ಅದರ ಮೇಲೆ 1951ರಲ್ಲಿ ಹುಟ್ಟಿದ ಅಖಿಲ ಭಾರತ ಚೆಸ್ ಫೆಡರೇಷನ್ನಿನದು. 7, 9, 11, 13, 15, 17, 19 ವಯಸ್ಸಿನೊಳಗಿನ ವಿಭಾಗಗಳು. ರಾಜ್ಯದಲ್ಲಿ ಮುಂದೆ ಬಂದವರು ರಾಷ್ಟ್ರೀಯಕ್ಕೆ, ರಾಷ್ಟ್ರೀಯದಲ್ಲಿ ಮೊದಲ ಸ್ಥಾನಗಳಲ್ಲಿ ನಿಂತವರು ಏಷ್ಯನ್, ವಿಶ್ವ ಕೂಟಗಳಿಗೆ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯಾದಲ್ಲಿ 16ರೊಳಗಿನವರ ವಿಶ್ವ ಚಾಂಪಿಯನ್ ಆದದ್ದು ಇಂಥ ವಿಶ್ವ ಕೂಟದಲ್ಲೇ. ಅದೇ ಕೂಟದಲ್ಲಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಕೂಡ ಆದರು.

ಚದುರಂಗದ ನಡುಮನೆಯಲ್ಲಿ ನಿಂತ ಕುದುರೆಗೆ ಎಂಟು ದಾರಿ. ಮೂಲೆಮನೆಯ ಕುದುರೆಗೆ ಎರಡೇ. ಬೆಂಗಳೂರಿನ ಮಗುವಿಗೆ ತಿಂಗಳಿಗೆ ಹಲವು ಟೂರ್ನಮೆಂಟು, ಓಣಿಗೊಬ್ಬ ಕೋಚು. ಮಾರಿಕಣಿವೆಯ ಹುಡುಗಿ ಮೂಲೆಮನೆಯವಳು.

ಚೆಸ್ ಸಂಸ್ಥೆಯ ಆ ಎರಡನೇ ದಾರಿಯಲ್ಲಿ ಕಾಣದ ಒಂದು ಹಳ್ಳವಿದೆ, ರೇಟಿಂಗ್. ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಕೊಡುವ ಈ ಅಂಕಿ 2024ರ ಮಾರ್ಚಿನಿಂದ 1400ಕ್ಕಿಂತ ಕೆಳಗೆ ಇಲ್ಲ. ಅದು ಸಿಗಬೇಕಾದರೆ ರೇಟಿಂಗ್ ಇರುವ ಕನಿಷ್ಠ ಐವರ ಎದುರು ಆಡಬೇಕು. ರೇಟಿಂಗ್ ಇಲ್ಲದ ಹತ್ತು ಮಕ್ಕಳು ಹೊಸದುರ್ಗದಲ್ಲಿ ವರ್ಷವಿಡೀ ತಮ್ಮತಮ್ಮಲ್ಲೇ ಹೊಡೆದಾಡಿದರೂ, ಎಷ್ಟೇ ಚೆನ್ನಾಗಿ ಆಡಿದರೂ, ಅವರೊಳಗಿನಿಂದ ರೇಟಿಂಗ್ ಹುಟ್ಟುವುದಿಲ್ಲ. ಅದು ಇರುವಲ್ಲಿಗೇ ಹೋಗಿ ತರಬೇಕು. ಹೋಗುವುದೆಂದರೆ ಬಸ್ಸು, ಎಂಟ್ರಿ ಫೀ, ಲಾಡ್ಜು, ಅಪ್ಪನ ಒಂದು ವಾರದ ಕೂಲಿ. ಮಕ್ಕಳ ಬುದ್ಧಿಗೆ ಬೆರಗಾಗುವವರು ಈ ಖರ್ಚಿನ ಚೀಟಿಯನ್ನೂ ಒಮ್ಮೆ ಓದಬೇಕು ಎಂದು ನನಗನಿಸಿತು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಆ ಪಟ್ಟ ಪಡೆದದ್ದು 2017ರಲ್ಲಿ. ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲಿಗರಾಗಿ ಇಪ್ಪತ್ತೊಂಬತ್ತು ವರ್ಷದ ಮೇಲೆ. ಪಕ್ಕದ ಚೆನ್ನೈ ಅಷ್ಟು ದೂರವಿತ್ತು. ಆದರೂ ಆಮೇಲೆ ಶಿವಮೊಗ್ಗದಿಂದ ಜಿ.ಎ. ಸ್ಟ್ಯಾನಿ ಬಂದರು; ಬೆಳ್ತಂಗಡಿಯಿಂದ ಇಶಾ ಶರ್ಮಾ ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆಗಿ ಬಂದರು. ಬೆಳ್ತಂಗಡಿಯೂ ಮೂಲೆಮನೆಯೇ.

ಸಂಜೆ ಕೊನೆಯ ಸುತ್ತಿನಲ್ಲಿ ಎರಡು ಜಡೆಯ ಹುಡುಗಿ ಸೋತಳು. ಎದುರಾಳಿ ದಾವಣಗೆರೆಯವಳು, ರೇಟಿಂಗ್ ಇದ್ದವಳು. ನಾನು ಅಳುವನ್ನು ನಿರೀಕ್ಷಿಸಿದ್ದೆ. ನೋಡಿದರೆ ಇಬ್ಬರೂ ಮೆಟ್ಟಿಲ ಮೇಲೆ ಬೋರ್ಡು ಹರಡಿಕೊಂಡು ಆಗಷ್ಟೇ ಮುಗಿದ ಆಟವನ್ನು ಮತ್ತೆ ಆಡುತ್ತಿದ್ದರು. “ಇಲ್ಲಿ ಆನೆ ತಂದಿದ್ರೆ ನಾನೇ ಸೋಲ್ತಿದ್ದೆ ಕಣೆ” ಎಂದು ಗೆದ್ದವಳೇ ತೋರಿಸಿಕೊಡುತ್ತಿದ್ದಳು. ಸೋತವಳು ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, “ಹಂಗಾದ್ರೆ ನೀನು ರಾಜನ್ನ ಹಿಂಗೆ ತಗೊಂಡ್ರೆ?” ಎಂದಳು. ಉಪ್ಪಿಟ್ಟಿನ ತಟ್ಟೆ ಹಿಡಿದ ಇನ್ನೂ ನಾಲ್ಕೈದು ಮಕ್ಕಳು ಬಗ್ಗಿದರು. ಎಲ್ಲರಿಗೂ ಒಂದೊಂದು ಅಭಿಪ್ರಾಯ. ಬಹುಮಾನ ಹಂಚುತ್ತಿದ್ದ ವೇದಿಕೆಯ ಭಾಷಣಕ್ಕಿಂತ ಆ ಮೆಟ್ಟಿಲ ಮೇಲೆ ಗಲಾಟೆ ಜೋರಾಗಿತ್ತು.

ತಾಯಿ ಅಷ್ಟರಲ್ಲಿ ಮೇಷ್ಟ್ರ ಹತ್ತಿರ ಬಂದು ನಿಂತಿದ್ದರು.

“ಶಿವಮೊಗ್ಗದಾಗೆ ರೇಟಿಂಗ್ ಟೂರ್ನಮೆಂಟ್ ಆದ್ರೆ ಹೇಳ್ರಿ ಸಾರ್. ನಾನೇ ಕರ್ಕೊಂಡೋಗ್ತೀನಿ. ರೇಟಿಂಗ್ ಇರೋರು ಐದು ಜನ ಸಿಕ್ರೆ ಸಾಕಲ್ವಾ?”

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಕಡೆಯಿಂದ ಉತ್ತರ ಬಂತು.

“ಸಿಕ್ರೆ ಸಾಲಲ್ಲಮ್ಮ. ಅವ್ರ ಹತ್ರ ಅರ್ಧ ಪಾಯಿಂಟಾದ್ರೂ ಕಿತ್ಕೋಬೇಕು. ಸೊನ್ನೆ ಬಂದ್ರೆ ಲೆಕ್ಕಕ್ಕೇ ಹಿಡಿಯಲ್ಲ!”