ಚೆಲ್ಲಿದ್ದೆಲ್ಲ ಕೋಳಿಯದಲ್ಲ

ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆಯನ್ನು ನಾನು ತರಗತಿಯಲ್ಲೂ ಮನೆಯಲ್ಲೂ ಧಾರಾಳವಾಗಿ ಬಳಸಿದ್ದೇನೆ. ಖಾರದ ಮಾತು ಹಾಗಿರಲಿ, ಕಾಳು ಹಾಕುವ ಮುಂಚೆಯಾದರೂ ಕೋಳಿಯನ್ನು ಒಂದು ಮಾತು ಕೇಳಬೇಕೆಂದು ತಿಳಿಯುವ ಹೊತ್ತಿಗೆ ಐವತ್ತು ಕಿಲೋ ಮೂಟೆ ಖಾಲಿಯಾಗಿತ್ತು.

ಮೈಸೂರಿನ ಹೊರವಲಯದ ನಮ್ಮ ಮನೆಯ ಹಿತ್ತಿಲಿಗೆ ಐದು ಗಿರಿರಾಜ ಹೇಂಟೆಗಳು ಬಂದವು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ನೋಡಲು ನಾಟಿ, ಮೊಟ್ಟೆಯಲ್ಲಿ ಮಾತ್ರ ನಾಟಿಗಿಂತ ಉದಾರಿ. ನಾನು ಲೆಕ್ಕದ ಟೀಚರ್. ಮೊದಲ ದಿನವೇ ಲೆಕ್ಕ ಹಾಕಿದೆ: ಕೋಳಿಯೊಂದಕ್ಕೆ ದಿನಕ್ಕೆ 110 ಗ್ರಾಂ, ಐದಕ್ಕೆ 550 ಗ್ರಾಂ, 50 ಕಿಲೋ ಮೂಟೆ 90 ದಿನ ಬರಬೇಕು. ಅರವತ್ತನೆಯ ದಿನ ಮೂಟೆಯ ತಳ ಕಂಡಿತು. ಹದಿನೇಳು ಕಿಲೋ ಲೆಕ್ಕಕ್ಕೆ ಸಿಗಲಿಲ್ಲ. ಮಕ್ಕಳ ಉತ್ತರಪತ್ರಿಕೆಯಾಗಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಹಂತಗಳನ್ನು ತೋರಿಸಿ’ ಎಂದು ಬರೆಯುತ್ತಿದ್ದೆ.

ಹಂತಗಳನ್ನು ಕೋಳಿಗಳೇ ತೋರಿಸಿದವು. ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು ನೋಡಿದೆ. ಸ್ಟೀಲ್ ತಟ್ಟೆಯ ತುಂಬ ಲೇಯರ್ ಫೀಡ್. ಕೆಂಪಿ ಬಂದಳು, ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿದಳು. ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವ ಮಕ್ಕಳಂತೆ ಜೋಳದ ಚೂರನ್ನಷ್ಟೇ ಆರಿಸಿಕೊಂಡು ಪುಡಿಯನ್ನು ಅಂಚಿನಾಚೆ ತಳ್ಳಿದಳು. ಆ ಪುಡಿಯಲ್ಲೇ ಖನಿಜ, ಸುಣ್ಣ ಎಲ್ಲ ಇರುವುದು. ದುಡ್ಡು ಕೊಟ್ಟದ್ದೂ ಅದಕ್ಕೇ. ಆಮೇಲೆ ತಟ್ಟೆಯೊಳಕ್ಕೇ ಇಳಿದಳು. ಎರಡು ಸಲ ಕೆದಕಿ, ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ಏನು ಸಿಕ್ಕಿತೆಂದು ನೋಡಿದಳು. ಸಿಕ್ಕಿದ್ದು ತಟ್ಟೆಯ ತಳ. ಹೋಗುವಾಗ ಅಲ್ಲೇ ಹಿಕ್ಕೆ ಹಾಕಿ ಹೋದಳು.

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಆ ಕಾಲು ಆಗ್ನೇಯ ಏಷ್ಯಾದ ಬಿದಿರುಮೆಳೆಗಳ ಕೆಂಪು ಕಾಡುಕೋಳಿಯಿಂದ ಬಂದದ್ದು. ಹಳದಿ ಕಾಲಿನ ಬಣ್ಣವಂತೂ ನಮ್ಮ ಬಂಡೀಪುರದ ಕಡೆಯೂ ಕೂಗುವ ಬೂದು ಕಾಡುಕೋಳಿಯ ಕೊಡುಗೆಯೆಂದು 2008ರಲ್ಲಿ ವಂಶವಾಹಿ ನೋಡಿದವರು ಹೇಳಿದರು. ಆ ಕಾಡಿನಲ್ಲಿ ಯಾರೂ ತಟ್ಟೆ ಇಟ್ಟಿರಲಿಲ್ಲ. ಅನ್ನವೆಂದರೆ ತರಗೆಲೆಯ ಅಡಿಯಲ್ಲಿರುವುದು, ಕೆದಕಿದರೆ ಸಿಗುವುದು. ಕಾಳು ಕಣ್ಣಿಗೆ ಬಿದ್ದರೆ ಕಾಲು ತಾನಾಗಿ ಆಡುತ್ತದೆ.

ಚೆಲ್ಲಿದ್ದು ಅಲ್ಲಿಗೇ ಮುಗಿಯಲಿಲ್ಲ. ರಾತ್ರಿ ಹೆಗ್ಗಣಗಳು ಬಂದವು. ಗೂಡಿನ ಪಕ್ಕದಲ್ಲೇ ಬಿಲ ತೋಡಿ ಕಾಯಂ ಆದವು. ಆಷಾಢದ ಜಡಿಮಳೆಗೆ ನೆನೆದ ಪುಡಿ ಗಟ್ಟಿಯಾಗಿ ಬೂಷ್ಟು ಹಿಡಿಯಿತು. ಬೂಷ್ಟನ್ನು ನಾನು ಕೊಳಕೆಂದಷ್ಟೇ ತಿಳಿದಿದ್ದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಪರಿಚಯವಾದದ್ದು ಹಾಗೆ. ಅದನ್ನು ಓದಿದ ಸಂಜೆ ಹಿತ್ತಿಲನ್ನು ಎರಡು ಸಲ ಗುಡಿಸಿದೆ.

ಆಮೇಲೆ ಶುರುವಾಯಿತು ನನ್ನ ಎಂಜಿನಿಯರಿಂಗ್. ಕೆಂಪು ತಳದ ಪ್ಲಾಸ್ಟಿಕ್ ಫೀಡರ್ ತಂದೆ. ನೆಲಕ್ಕಿಟ್ಟರೆ ಅದೇ ಕಥೆ. ಕೋಳಿಯ ಬೆನ್ನಿನ ಮಟ್ಟಕ್ಕೆ ಅಂಚು ಬರುವಂತೆ ತೂಗುಹಾಕಿದ ಮೇಲೆ ಕಾಲು ಹಾಕುವುದು ನಿಂತಿತು. ಬಾಯಿಮಟ್ಟ ತುಂಬಿಸದೆ ಮೂರನೆಯ ಒಂದು ಭಾಗ ಹಾಕಿದರೆ ಕೊಕ್ಕು ಬೀಸಿದರೂ ಪುಡಿ ಅಂಚು ದಾಟುವುದಿಲ್ಲ. ಪುಡಿಗೆ ತುಸು ನೀರು ಚಿಮುಕಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ತಂದು ಕೊಟ್ಟರೆ ಆರಿಸಲಾಗದೆ ಎಲ್ಲವನ್ನೂ ತಿನ್ನುತ್ತವೆ. ಆದರೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಬೇಕು, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆಲ್ಲ ಹುಳಿ ವಾಸನೆ. ನೀರಿನ ಪಾತ್ರೆಯನ್ನು ಫೀಡರ್‌ನಿಂದ ದೂರ ಇಟ್ಟೆ. ಕತ್ತಲಾದರೆ ಫೀಡರ್ ಒಳಕ್ಕೆ, ಮೂಟೆ ಮುಚ್ಚಳದ ಡ್ರಮ್ಮಿಗೆ. ಹೆಗ್ಗಣಗಳು ನಾಲ್ಕು ದಿನ ಕಾದು ಬೇರೆ ಮನೆ ನೋಡಿಕೊಂಡವು.

ನೆಲ ಸ್ವಚ್ಛವಾಯಿತು. ಕೋಳಿಗಳು ಕೆಟ್ಟವು. ಒಂದು ಇನ್ನೊಂದರ ಬಾಲದ ಗರಿ ಕೀಳತೊಡಗಿತು. ಕರಿಯಕ್ಕ ಗೋಡೆಯ ಮೂಲೆ ಹಿಡಿದು ನಿಂತಳು. ಬೆಳಗ್ಗೆ ಒಂದು ಸಲ ತಿಂದರೆ ಮತ್ತೆ ಸಂಜೆಯವರೆಗೆ ಅವಕ್ಕೆ ಮಾಡಲು ಕೆಲಸವೇ ಇರಲಿಲ್ಲ.

ಅಷ್ಟರಲ್ಲಿ ನಾಗಮಂಗಲದ ಕಡೆಯ ಊರಿನಿಂದ ಅತ್ತೆ ಬಂದರು. ಚೀಲ ಇಳಿಸುವ ಮೊದಲೇ ಹಿತ್ತಿಲಿಗೆ ಹೋಗಿ, ತೂಗಾಡುವ ಫೀಡರ್ ನೋಡಿ ಸೊಂಟದ ಮೇಲೆ ಕೈಯಿಟ್ಟರು.

“ಇದೇನವ್ವ, ಕೋಳಿಗೆ ಹೋಟ್ಲು ಇಕ್ಕಿದ್ದೀಯಾ?”

“ಇಲ್ಲದಿದ್ರೆ ಎಲ್ಲಾ ಚೆಲ್ತವೆ ಅತ್ತೆ. ತುಂಬಾ ದಂಡ.”

“ಕೋಳಿ ಇರೋ ಮನೇಲಿ ದಂಡ ಅಂತ ಎಲ್ಲಾದ್ರೂ ಉಂಟಾ?” ಎಂದು ಅವರು ನಿಜವಾಗಿಯೇ ಅಚ್ಚರಿಪಟ್ಟರು.

ಅವರ ಊರಿನ ಮನೆಯಲ್ಲಿ ಬೆಳಗ್ಗೆ ಮಂಕರಿ ಎತ್ತಿ ಒಂದು ಹಿಡಿ ನುಚ್ಚು ಹಾಕಿದರೆ ಮುಗಿಯಿತು, ಉಳಿದದ್ದು ಕೋಳಿಗಳ ಪಾಡು. ಮೊರದಲ್ಲಿ ಕೇರುವಾಗ ಹಾರಿದ ರಾಗಿ, ಹಸುವಿನ ಬಾಯಿಂದ ಜಾರಿದ ಹಿಂಡಿ, ಕಣದ ಸಂದಿಯ ಕಾಳು, ತಿಪ್ಪೆಯ ಹುಳ, ಬೇಲಿಯ ಗೆದ್ದಲು. ಮನುಷ್ಯರೂ ದನವೂ ಬಿಟ್ಟದ್ದನ್ನು ಕೊನೆಗೆ ಬಂದು ಬಳಿಯುವವಳು ಕೋಳಿ. ಪೋಲನ್ನು ಮೊಟ್ಟೆ ಮಾಡುವವಳು. ನಾನು ಅವಳನ್ನು ಪಂಕ್ತಿಯ ಕೊನೆಯಿಂದ ಎಬ್ಬಿಸಿ ಮೊದಲ ಎಲೆಗೆ ಕೂರಿಸಿ, ಚೆಲ್ಲುತ್ತೀಯೆಂದು ಗದರುತ್ತಿದ್ದೆ.

ಹಾಗಂತ ಅತ್ತೆಯ ಲೆಕ್ಕವನ್ನು ಪೂರ್ತಿ ಒಪ್ಪಲಾರೆ. ಅವರ ನಾಟಿ ಹೇಂಟೆ ಒಂದಷ್ಟು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತಿತ್ತು. ಮರಿಗಳಲ್ಲಿ ಹದ್ದಿನ ಪಾಲು, ಮುಂಗುಸಿಯ ಪಾಲು ಕಳೆದು ಉಳಿದದ್ದು ಮನೆಯ ಪಾಲು. ವರ್ಷಕ್ಕೆ 130ರಿಂದ 150 ಮೊಟ್ಟೆಯಿಡುವ ಗಿರಿರಾಜಕ್ಕೆ ಹಿಡಿ ನುಚ್ಚು ಸಾಲದು. ಒಂದೊಂದು ಚಿಪ್ಪಿಗೂ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಿಗದಿದ್ದರೆ ಅದು ಅವಳ ಮೂಳೆಯಿಂದಲೇ ಬರುತ್ತದೆ. ಇದನ್ನು ಹೇಳಿದಾಗ ಅತ್ತೆ, “ಹಂಗಾರೆ ಚಿಪ್ಪ ಯಾಕೆ ಬಿಸಾಕ್ತೀಯವ್ವ?” ಎಂದರು. ಅಂದಿನಿಂದ ಮೊಟ್ಟೆಚಿಪ್ಪನ್ನು ಬಾಣಲೆಯಲ್ಲಿ ಹುರಿದು, ಗುರುತು ಸಿಗದಷ್ಟು ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡುತ್ತೇನೆ. ಗುರುತು ಸಿಕ್ಕರೆ ತಮ್ಮ ಮೊಟ್ಟೆಯನ್ನು ತಾವೇ ಒಡೆದು ತಿನ್ನುವ ಚಟ ಹತ್ತಬಹುದು.

ಎರಡನೆಯ ದಿನ ಅತ್ತೆ ಮಾವಿನ ಮರದ ಕೆಳಗೆ ನಾನು ಸುಡಬೇಕೆಂದು ಗುಡ್ಡೆ ಹಾಕಿದ್ದ ತರಗೆಲೆಯನ್ನೆಲ್ಲ ಬೇಲಿಯ ಮೂಲೆಗೆ ಎಳೆದರು. ಮೊಣಕಾಲೆತ್ತರ ಹರಡಿ, ಒಂದೇ ಒಂದು ಹಿಡಿ ರಾಗಿಯನ್ನು ಅದರೊಳಕ್ಕೆ ಎರಚಿದರು. ನನ್ನ ಎದೆ ಧಸಕ್ಕೆಂದಿತು. ಆದರೆ ಐದೂ ಕೋಳಿಗಳು ಎಲೆಯೊಳಗೆ ಇಳಿದು ಸಂಜೆಯವರೆಗೆ ತಲೆ ಎತ್ತಲಿಲ್ಲ. ರಾಗಿ ಎಷ್ಟು ಸಿಕ್ಕಿತೋ, ಹುಳ ಎಷ್ಟು ಸಿಕ್ಕಿತೋ. ಗರಿ ಕೀಳುವುದಂತೂ ನಿಂತಿತು. ಕೆಲವೇ ವಾರದಲ್ಲಿ ಆ ಎಲೆ ಹಿಕ್ಕೆಯೊಂದಿಗೆ ಪುಡಿಯಾಗಿ ಕರಿಬೇವಿನ ಬುಡಕ್ಕೆ ಗೊಬ್ಬರವಾಯಿತು.

ಹೊರಡುವ ಹಿಂದಿನ ರಾತ್ರಿ ಗೂಡು ಮುಚ್ಚಲು ಅತ್ತೆಯೂ ಬಂದರು. ಕತ್ತಲಲ್ಲೇ ಕೈ ಚಾಚಿ ಒಂದೊಂದು ಕೋಳಿಯ ಕತ್ತಿನ ಕೆಳಗೆ ಬೆರಳಿಟ್ಟರು. ಹಗಲು ತಿಂದದ್ದು ಮೊದಲು ಬಂದು ಸೇರುವ ಚೀಲ ಅಲ್ಲಿದೆ. ತುಂಬಿದ್ದರೆ ನಿಂಬೆಹಣ್ಣಿನಂತೆ ಕೈಗೆ ಸಿಗುತ್ತದೆ. ನಾಲ್ಕನ್ನು ಮುಟ್ಟಿ ಸುಮ್ಮನಿದ್ದವರು ಐದನೆಯದಕ್ಕೆ ಬಂದು ನಿಂತರು.

“ಈ ಕರೀದು ಉಂಡಿಲ್ಲ ಕನವ್ವ.”

ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬಾತ ಚಿಕ್ಕಂದಿನಿಂದ ಮನೆಯ ಕೋಳಿಗಳನ್ನು ನೋಡುತ್ತ ಬೆಳೆದು, ಯಾರು ಯಾರನ್ನು ಕುಕ್ಕಬಹುದೆಂಬ ಅವುಗಳ ಶ್ರೇಣಿಯನ್ನು 1921ರ ಹೊತ್ತಿಗೆ ಬರೆದಿಟ್ಟ. ನಾನು ಅದನ್ನು ಓದಿದ್ದೆ. ಓದಿಯೂ, ಕುಕ್ಕಿಸಿಕೊಳ್ಳುವವಳಿಗೆ ಸರದಿ ಸಿಗುತ್ತದೆಯೇ ಎಂದು ಯೋಚಿಸದೆ, ಐದು ಕೋಳಿಗೆ ಒಂದೇ ಫೀಡರ್ ಕಟ್ಟಿ, ನೆಲಕ್ಕೆ ಎಷ್ಟು ಬಿತ್ತೆಂದು ದಿನವೂ ನೋಡಿದ್ದೆ. ಹೊಟ್ಟೆಗೆ ಎಷ್ಟು ಬಿತ್ತೆಂದು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಈಗ ಫೀಡರ್ ಎರಡಿವೆ, ಒಂದು ಇನ್ನೊಂದಕ್ಕೆ ಕಾಣದಂತೆ ಗೋಡೆಯ ಆಚೆ ಈಚೆ. ಮೂಟೆ ಎಂಬತ್ತಾರು ದಿನ ಬಂತು. ಉಳಿದ ನಾಲ್ಕು ದಿನದ್ದು ಗುಬ್ಬಚ್ಚಿಗಳ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ. ಸಂಜೆ ಗೂಡು ಮುಚ್ಚುವಾಗ ಕೈ ಮೊದಲು ಹುಡುಕುವುದು ಕರಿಯಕ್ಕನನ್ನು. ಬೆರಳಿಗೆ ನಿಂಬೆಹಣ್ಣು ಸಿಕ್ಕ ಮೇಲೆ ಚಿಲಕ ಹಾಕುತ್ತೇನೆ.