ಮಗ್ಗದ ಮುಂದೆ ಯಾರು ಕೂರಬೇಕು?

ಸೋದರಿಯರೇ, ಮನೆಯಲ್ಲಿ ಹಾಸಿದ ಜಮಖಾನವನ್ನು ನಾವು ವಾರಕ್ಕೊಮ್ಮೆ ಕೊಡವುತ್ತೇವೆ, ಬಿಸಿಲಿಗೆ ಹಾಕುತ್ತೇವೆ, ಮತ್ತೆ ಹಾಸುತ್ತೇವೆ. ಅದನ್ನು ನೇಯ್ದವರು ಯಾರು, ಅದರ ನೂಲು ತೆಗೆದವರು ಯಾರು ಎಂದು ಕೇಳುವುದಕ್ಕೆ ನಮಗೆಲ್ಲಿ ಪುರುಸೊತ್ತು? ಅಂಥ ಪುರುಸೊತ್ತು ನನಗೆ ಸಿಕ್ಕಿದ್ದು ಬಲು ದೂರದ ಒಂದು ಹಳ್ಳಿಯಲ್ಲಿ. ಅಲ್ಲಿ ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ನನ್ನನ್ನು ಮೆಕ್ಸಿಕೋ ದೇಶಕ್ಕೆ ಕರೆದೊಯ್ದಳು. ಆ ದೇಶದ ದಕ್ಷಿಣಕ್ಕೆ ವಹಾಕಾ ಎಂಬ ರಾಜ್ಯವಿದೆ. ಅದರ ರಾಜಧಾನಿಯಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ಗುಡ್ಡಗಳ ಬುಡದಲ್ಲಿರುವ ಊರು ತೆಯೊತಿತ್ಲಾನ್ ದೆಲ್ ವಾಯೆ. ಝಪೊಟೆಕ್ ಜನರ ಊರು. ಮನೆಮನೆಯಲ್ಲೂ ಮಗ್ಗ, ಅಂಗಳದಲ್ಲಿ ಬಣ್ಣ ಬಣ್ಣದ ಉಣ್ಣೆಯ ಲಡಿಗಳು. ಜಮಖಾನಕ್ಕೆ ಅಲ್ಲಿ ‘ತಪೇತೆ’ ಎನ್ನುತ್ತಾರೆ. ಹತ್ತಿರದ ಮಿತ್ಲಾ ಎಂಬಲ್ಲಿ ಹಳೆಯ ಕಟ್ಟಡಗಳಿವೆ. ಅವುಗಳ ಕಲ್ಲುಗೋಡೆಯ ಮೆಟ್ಟಿಲು-ಸುರುಳಿಯ ಚಿತ್ತಾರವೇ ಈ ಜಮಖಾನಗಳಲ್ಲೂ ಕಾಣುತ್ತದೆ. ನಮ್ಮ ರಂಗೋಲಿಯ ಹಾಗೆ, ಅಜ್ಜಿಯಿಂದ ಮೊಮ್ಮಗಳವರೆಗೆ ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ.

ಇದರ ಕಥೆ ಕೇಳಿ. ಸ್ಪೇನಿನವರು ಬರುವ ಮೊದಲು ಆ ಸೀಮೆಯಲ್ಲಿ ಕುರಿಯೇ ಇರಲಿಲ್ಲ. ಹೆಂಗಸರು ಮಗ್ಗದ ಒಂದು ತುದಿಯನ್ನು ಮರಕ್ಕೋ ಕಂಬಕ್ಕೋ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ತಮ್ಮ ಸೊಂಟಕ್ಕೆ ಬಿಗಿದು, ಹತ್ತಿಯನ್ನೂ ಕತ್ತಾಳೆ ನಾರನ್ನೂ ನೇಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಕುರಿಗಳನ್ನೂ ಕಾಲಿನಿಂದ ತುಳಿಯುವ ದೊಡ್ಡ ಮಗ್ಗವನ್ನೂ ತಂದರು. ಹೊಸ ಮಗ್ಗ ಗಂಡಸರ ಪಾಲಾಯಿತು. ಉಣ್ಣೆ ತೊಳೆಯುವುದು, ಹಿಂಜುವುದು, ರಾಟೆಯಲ್ಲಿ ನೂಲು ತೆಗೆಯುವುದು ಹೆಂಗಸರ ಪಾಲಿಗೆ ಉಳಿಯಿತು. ಜಮಖಾನ ಮಾತ್ರ ನೇಯ್ದವನ ಹೆಸರಿನಲ್ಲೇ ಮಾರಾಟ!

ಇದೇನು ದೇವರು ಬರೆದಿಟ್ಟ ನಿಯಮವೆ? ನಮ್ಮ ನವಲಗುಂದದ ಹತ್ತಿಯ ಜಮಖಾನವನ್ನೇ ನೋಡಿ. ಅಲ್ಲಿ ಮಗ್ಗಕ್ಕೆ ಕೂರುವವರು ಹೆಂಗಸರೇ. ಒಂದೂರಿನಲ್ಲಿ ಹೆಣ್ಣಿನ ಕೆಲಸವಾದದ್ದು ಇನ್ನೊಂದೂರಿನಲ್ಲಿ ಗಂಡಿನ ಕೆಲಸ. ಎರಡು ಕಡೆಯೂ ‘ಪರಂಪರೆ’ ಎಂದೇ ಹೆಸರು.

ಇನ್ನು ಬಣ್ಣದ ವಿಚಾರ, ಇದು ಅಡುಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಪಾಪಾಸುಕಳ್ಳಿಯ ಜಾತಿಯ ಗಿಡದ ಮೇಲೆ ಬೂದಿ ಬಳಿದಂತೆ ಅಂಟಿಕೊಂಡಿರುವ ಒಂದು ಪುಟ್ಟ ಹುಳುವೇ ಅವರ ಕೆಂಪಿನ ಮೂಲ. ಹೆಸರು ಕೊಚಿನೀಲ್. ಒಣಗಿಸಿ ಅರೆದರೆ ಗಾಢ ಕೆಂಪು. ಒಂದು ಪೌಂಡಿಗೆ ಸುಮಾರು 70,000 ಹುಳು ಬೇಕಂತೆ! ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದಿಂದ ಹಡಗು ಹತ್ತುತ್ತಿದ್ದ ಸರಕಿನಲ್ಲಿ ಬೆಳ್ಳಿಯನ್ನು ಬಿಟ್ಟರೆ ಇದೇ ಅತಿ ಬೆಲೆಯದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದಿಲ್ಲವೆ? ಹಾಗೇ ಈ ಬಣ್ಣಕ್ಕೆ ನಿಂಬೆರಸ ಹಿಂಡಿದರೆ ಕಿತ್ತಳೆಗೆಂಪು, ಕ್ಷಾರ ಬೆರೆಸಿದರೆ ನೇರಳೆ. ನೀಲಿಗೆ ನೀಲಿಗಿಡ. ಹಳದಿಗೆ ಒಂದು ಬಗೆಯ ಕಾಡುಚೆಂಡುಹೂವು. ಬಣ್ಣ ಹಿಡಿಯಲು ಉಣ್ಣೆಯನ್ನು ಮೊದಲೇ ಪಟಿಕದ ನೀರಿನಲ್ಲಿ ಕುದಿಸಬೇಕು. ಇಷ್ಟೆಲ್ಲ ಆದಮೇಲೆ ಮಗ್ಗ. ಹೊಕ್ಕಿನ ಎಳೆಯನ್ನು ಬಣ್ಣ ಬಣ್ಣಕ್ಕೆ ಕೈಯಲ್ಲೇ ತೂರಿಸಿ ಬಡಿಯುತ್ತಾ ಹೋದರೆ, ದೊಡ್ಡದೊಂದು ಜಮಖಾನಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ನಾವು ಹೋದ ಮನೆಯಲ್ಲಿ ಮಗ್ಗದ ಮುಂದೆ ಇದ್ದದ್ದು ಅರವತ್ತು ದಾಟಿದ ಒಬ್ಬ ವಿಧವೆ. ಗಂಡ ಇರುವವರೆಗೆ ಆಕೆ ರಾಟೆ ಬಿಟ್ಟು ಎದ್ದವಳಲ್ಲ. ಆತ ಹೋದ ಮೇಲೆ ನೆಂಟರು ಮಗ್ಗವನ್ನು ಮಾರಿಬಿಡು ಎಂದರಂತೆ. ಆಕೆ ಮಾರಲಿಲ್ಲ, ಕೂತಳು. ಇಷ್ಟನ್ನು ಮಗಳು ತನಗೆ ಬರುವ ಸ್ಪ್ಯಾನಿಷ್‌ನಲ್ಲಿ ಕೇಳಿ ನನಗೆ ಹೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ನಮ್ಮವರು ತೀರಿಕೊಂಡಾಗ ನನಗೆ ಮೂವತ್ತೆಂಟು. ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಹೊಲಿಗೆ ಯಂತ್ರವೊಂದೇ ಆಸ್ತಿ. “ಹೊಲಿಗಿ ಅಂದ್ರ ಹೆಂಗಸರ ಹೊತ್ತು ಕಳಿಯೋ ಕೆಲಸ, ಅದರಾಗ ಹೊಟ್ಟಿ ತುಂಬತದೇನ?” ಎಂದಿದ್ದರು ಬಂಧುಗಳು. ತುಂಬಿತು. ಮೂವರದೂ ತುಂಬಿತು.

ಆ ಊರಿನಲ್ಲಿ ಆಕೆ ಒಬ್ಬಳೇ ಅಲ್ಲ. 1942ರಿಂದ 1964ರವರೆಗೆ ಸರ್ಕಾರಗಳ ಒಪ್ಪಂದದ ಮೇಲೆ ಮೆಕ್ಸಿಕೋದ ಗಂಡಸರು ಅಮೆರಿಕದ ಹೊಲಗಳಿಗೆ ಕೂಲಿಗೆ ಹೋದರು. ಆಗಲೇ ಇಲ್ಲಿನ ಕೆಲವು ಹೆಂಗಸರು ಖಾಲಿ ಮಗ್ಗಕ್ಕೆ ಕೂತರು. ಆಮೇಲೆ ಪ್ರವಾಸಿಗಳು ಹೆಚ್ಚಿ ಬೇಡಿಕೆ ಬಂದಾಗ ಹೆಣ್ಣುಮಕ್ಕಳೂ ಕಲಿತರು. 1990ರ ದಶಕದಲ್ಲಿ ವಿಧವೆಯರು, ಮದುವೆಯಾಗದವರು ಸೇರಿ ‘ವೀದಾ ನುಏವಾ’, ಅಂದರೆ ಹೊಸ ಬಾಳು, ಎಂಬ ಸಹಕಾರ ಸಂಘ ಕಟ್ಟಿದರು. ಗಂಡಸಿನ ನೆರವಿಲ್ಲದೆ ತಾವೇ ನೇಯ್ದು ತಾವೇ ಮಾರುವುದಕ್ಕೆ. ಹೊಸದೇನು ಮಾಡಿದರು ಹೇಳಿ? ಸೊಂಟಕ್ಕೆ ಮಗ್ಗ ಬಿಗಿದುಕೊಳ್ಳುತ್ತಿದ್ದ ಮುತ್ತಜ್ಜಿಯರ ಜಾಗಕ್ಕೆ ಮರಳಿದರು, ಅಷ್ಟೇ.

ನಾನು ಒಂದು ಸಣ್ಣ ಜಮಖಾನ ಆರಿಸಿದೆ. “ಅವ್ವಾ, ಸ್ವಲ್ಪ ಚೌಕಾಶಿ ಮಾಡು” ಎಂದಳು ಮಗಳು. “ಒಂದು ಕುಪ್ಪಸಕ್ಕ ಎಂಟಾಣೆ ಕಡಿಮಿ ಮಾಡ್ರಿ ಅನ್ನೋರು ಬಂದಾಗ ನಮ್ಮ ಮನ್ಯಾಗ ಹಾಲು ನಿಂತಿದ್ದು ನೆನಪದ ಏನು?” ಎಂದು ಕೇಳಿದೆ. ಸುಮ್ಮನಾದಳು. ಹೇಳಿದಷ್ಟು ಕೊಟ್ಟೆವು.

ನೀವು ಎಲ್ಲಿಯೇ ಕೈಮಗ್ಗದ ಉಣ್ಣೆಯ ಜಮಖಾನ ಕೊಂಡರೂ ಕೆಲವು ಮಾತು ನೆನಪಿಡಿ. ತಿರುವಿ ನೋಡಿ, ಇಂಥ ನೇಯ್ಗೆಯಲ್ಲಿ ಎರಡೂ ಬದಿಗೆ ಒಂದೇ ಚಿತ್ತಾರವಿರುತ್ತದೆ. ಒದ್ದೆಯ ಬಿಳಿ ಬಟ್ಟೆಯಿಂದ ಮೂಲೆಯನ್ನು ಉಜ್ಜಿ, ಬಣ್ಣ ಬಿಡಬಾರದು. ಒಂದೆಳೆ ಸಿಕ್ಕರೆ ಸುಟ್ಟು ನೋಡಿ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಕೃತಕ ನೂಲಾದರೆ ಕರಗಿ ಗಂಟು ಕಟ್ಟುತ್ತದೆ. ಮಡಿಸಿಡಬೇಡಿ, ಒಣಗಿದ ಬೇವಿನೆಲೆ ಹಾಕಿ ಸುರುಳಿ ಸುತ್ತಿಡಿ. ಆಗಾಗ ಬಿಚ್ಚಿ ಗಾಳಿಯಾಡಿಸಿ.

ಕಡೆಯದಾಗಿ ಇನ್ನೊಂದು. ನಿಮ್ಮ ಮನೆಯಲ್ಲೂ ಅತ್ತೆ ಹೊಲಿದ ಕೌದಿ, ತಾಯಿ ಹಾಕಿದ ಕಸೂತಿ ಇರಬಹುದು. ಅದರ ಮೂಲೆಯಲ್ಲಿ ಅವರ ಹೆಸರನ್ನೂ ವರ್ಷವನ್ನೂ ಎರಡೆಳೆ ದಾರದಲ್ಲಿ ಹೊಲಿದಿಡಿ. ಮಗಳು ಏನಾದರೂ ಹೆಣೆದರೆ, ಹೊಲಿದರೆ, “ಹೊತ್ತು ಹೋಗಲಿ ಅಂತ ಮಾಡ್ತಾಳೆ” ಎಂದು ಬಂದವರ ಮುಂದೆ ಹೇಳಬೇಡಿ. ಎಷ್ಟು ದಿನ ಹಿಡಿಯಿತು, ಎಷ್ಟು ಬೆಲೆ ಬಾಳುತ್ತದೆ ಎಂದು ಅವಳಿಂದಲೇ ಲೆಕ್ಕ ಬರೆಸಿ.